ಉದ್ದ ತೋಳಿನ ರವಿಕೆ

ಪೆಂಡುರ್ತಿ, ವಿಶಾಖಪಟ್ಟಣ
12 ಅಕ್ಟೋಬರ್ 2008

ಪ್ರೀತಿಯ ಹೈಮಾ,

ನೀನು ಬಯ್ಯುವ ಮೊದಲೇ ತಪ್ಪಾಯಿತು ಅಂದುಬಿಡುತ್ತೇನೆ. ನಿನ್ನ ಕಾಗದ ಬಂದಾಗ ಆಷಾಢ, ಈಗ ದಸರಾನೂ ಮುಗಿಯಿತು. ಮಂಡಿನೋವು, ಮಳೆ, ಕರೆಂಟಿಲ್ಲ ಅಂತ ನೆಪ ಹೂಡಬಹುದಿತ್ತು. ಆದರೆ ಟೌನ್‌ಶಿಪ್ಪಿನಲ್ಲಿ ಒಂದೇ ಗೋಡೆಯ ಆಚೆ ಈಚೆ ಬದುಕಿದ ನಿನ್ನ ಹತ್ತಿರ ನೆಪ ನಡೆಯುವುದಿಲ್ಲ. ಬರೆಯುವುದಕ್ಕೆ ಮನಸ್ಸೇ ಇರಲಿಲ್ಲ. ದಾವಣಗೆರೆ ಹೇಗಿದೆ? ರಾಯರ ಕಣ್ಣಿನ ಆಪರೇಷನ್ ಆಯಿತೇ? ಆದಮೇಲೂ ಪೇಪರನ್ನು ಮೂಗಿಗೆ ಅಂಟಿಸಿಕೊಂಡೇ ಓದುತ್ತಿದ್ದರೆ ಅದು ಕಣ್ಣಿನ ದೋಷವಲ್ಲ, ಅಭ್ಯಾಸ ಅಂತ ಹೇಳು.

ನೀನು ಎರಡು ಮಾತು ಕೇಳಿದ್ದೆ. ಆದರ್ಶನ ಉಪನ್ಯಾಸ ಹೇಗಾಯಿತು, ನಾನು ಈ ಮನೆ ಮಾರಿ ವಿಜಯವಾಡಕ್ಕೆ ಅವನ ಜೊತೆ ಇರಲು ಯಾವಾಗ ಹೋಗುತ್ತೇನೆ. ಅವನ ಕೈ ಹಿಡಿದು ಕನ್ನಡ ಅಕ್ಷರ ತಿದ್ದಿಸಿದವಳು ನೀನು, ಕೇಳುವ ಹಕ್ಕು ನಿನಗಿದೆ. ಮೊದಲನೆಯದನ್ನು ಪೂರ್ತಿ ಹೇಳುತ್ತೇನೆ.

ಉಪನ್ಯಾಸ ಬಹಳ ಚೆನ್ನಾಗಿ ಆಯಿತು. ಇದನ್ನು ಹೊಟ್ಟೆಕಿಚ್ಚಿಲ್ಲದೆ, ತಾಯಿ ಎಂಬ ಮೋಹವಿಲ್ಲದೆ ಬರೆಯುತ್ತಿದ್ದೇನೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ನೀನು ನಗಬೇಡ. ವಿಷಯ, ಶ್ರೇಷ್ಠ ಸಾಹಿತ್ಯದಲ್ಲಿ ನಾಗರಿಕರು ಮತ್ತು ಅನಾಗರಿಕರು. ದೊಡ್ಡ ಹಾಲ್, ತುಂಬ ಜನ, ಅಧ್ಯಕ್ಷತೆಗೆ ಹೈದರಾಬಾದಿನಿಂದ ರಮಾಕಾಂತ ಎಂಬ ಹಿರಿಯ ವಿದ್ವಾಂಸರು. ನಾನು ದ್ವಾರಕಾ ನಗರದಲ್ಲಿ ಹೊಸ ಸೀರೆ ತೆಗೆದುಕೊಂಡು, ಇದ್ದ ತುಂಡು ತೋಳಿನ ರವಿಕೆ ಜೊತೆಗಿಟ್ಟುಕೊಂಡು ಹಿಂದಿನ ದಿನವೇ ವಿಜಯವಾಡದ ರೈಲು ಹತ್ತಿದ್ದೆ.

ಉಪನ್ಯಾಸಕ್ಕೆ ಹೊರಡುವ ಹೊತ್ತಿಗೆ ಸೊಸೆ ಚಿತ್ರಾ ಒಂದು ರವಿಕೆ ತಂದು ಕೊಟ್ಟಳು. ಸೀರೆಗೆ ಒಪ್ಪುವ ಬಣ್ಣ, ಮಣಿಕಟ್ಟಿನವರೆಗೂ ತೋಳು.

"ಹಾಲ್‌ನಲ್ಲಿ ಏಸಿ ಜಾಸ್ತಿ ಅತ್ತಯ್ಯಾ, ಮೀಕು ಚಳಿ ಆಗುತ್ತೆ. ಇದು ಹಾಕ್ಕೊಳ್ಳಿ, ಪ್ಲೀಜ್" ಅಂದಳು.

ತೆಲುಗಿನ ಹುಡುಗಿ, ನನಗೋಸ್ಕರ ಕಷ್ಟಪಟ್ಟು ಕನ್ನಡ ಕಲಿತವಳು. ಎಷ್ಟು ಕಾಳಜಿ ನೋಡು ಅಂದುಕೊಂಡೆ. ಹಾಕಿಕೊಂಡರೆ ಕೈಗೆ ಅಳೆದಂತೆ ಕೂತಿತು. ಬೇಸಿಗೆಯಲ್ಲಿ ಹೋದಾಗ ನನ್ನದೊಂದು ರವಿಕೆ ಅಲ್ಲಿ ಮರೆತು ಬಂದಿದ್ದೆ, ಅದರ ಅಳತೆ ಕೊಟ್ಟು ಹೊಲಿಸಿದ್ದಾರೆ. ಸೀರೆಯ ಬಣ್ಣವನ್ನು ಫೋನಿನಲ್ಲಿ ಆದರ್ಶನೇ ಕೇಳಿದ್ದ. ಆಗ ಇದೆಲ್ಲ ನನಗೆ ಹೊಳೆಯಲಿಲ್ಲ.

ಹೈಮಾ, ಅವನು ಎಷ್ಟು ಚೆನ್ನಾಗಿ ಮಾತಾಡಿದ ಗೊತ್ತೇ! ನನಗೆ ತಿಳಿಯಲಿ ಎಂದೋ ಏನೋ ಇಂಗ್ಲಿಷಿನ ನಡುನಡುವೆ ತೆಲುಗಿನಲ್ಲೂ ಹೇಳುತ್ತಿದ್ದ. ನಮ್ಮ ಕಾವ್ಯಗಳಾಗಲಿ, ಪಶ್ಚಿಮದವರ ಕಥೆಗಳಾಗಲಿ, ಯಾರೋ ಒಬ್ಬ ಪಟ್ಟಣದಿಂದ ಕಾಡಿಗೆ ಹೋಗುತ್ತಾನೆ, ಇಲ್ಲವೇ ಹಡಗು ಒಡೆದು ದ್ವೀಪಕ್ಕೆ ಬೀಳುತ್ತಾನೆ. ಅಲ್ಲಿ ಮೊದಲೇ ಒಬ್ಬ ಇರುತ್ತಾನೆ. ಬಂದವನಿಗೆ ಕವಿ ಹೆಸರು, ಕುಲ, ಉದ್ದುದ್ದ ಮಾತು ಎಲ್ಲ ಕೊಡುತ್ತಾನೆ. ಇದ್ದವನಿಗೆ ಕೊಡುವುದು ಒಂದು ಕೂಗು ಮಾತ್ರ. ಆಮೇಲೆ ಅವನನ್ನು ಕೊಲ್ಲುವುದೋ ಆಳಾಗಿ ಇಟ್ಟುಕೊಳ್ಳುವುದೋ ಸುಲಭವಾಗುತ್ತದೆ, ಯಾಕೆಂದರೆ ಅವನಿಗೆ ಮುಖವೇ ಇರುವುದಿಲ್ಲ. ಹೀಗೆಲ್ಲ ಹೇಳಿದ. ಬಿಳಿಗಿರಿ ಬೆಟ್ಟದ ಪೋಡಿನಲ್ಲಿ, ಕಾಡಿನ ಹಾಡಿಯಲ್ಲಿ ಹುಟ್ಟಿ, ಬೆಟ್ಟದ ಕೆಳಗಿನ ಶಾಲೆಯಲ್ಲಿ ಓದಿ ನರ್ಸ್ ಆದ ಸೋಲಿಗರ ಹುಡುಗಿ ನಾನು. ನನ್ನ ಜನರ ಪರವಾಗಿ ಇಷ್ಟು ದೊಡ್ಡ ಹಾಲ್‌ನಲ್ಲಿ ನನ್ನ ಮಗ ಮಾತಾಡುತ್ತಿದ್ದಾನೆ. ಇವರು ಇರಬೇಕಿತ್ತು ಅನ್ನಿಸಿತು. ಮನೆಯವರನ್ನೆಲ್ಲ ಎದುರು ಹಾಕಿಕೊಂಡು ನನ್ನನ್ನು ಕಟ್ಟಿಕೊಂಡು ಈ ಸಮುದ್ರದ ಊರಿಗೆ ಬಂದ ಗುರುಪ್ರಸಾದರು, ಮೊದಲ ಸಾಲಿನಲ್ಲಿ ಕೂತು ಕೇಳಬೇಕಿತ್ತು.

ನಿನಗೆ ನೆನಪಿದೆಯೇ, ಅವನು ಐದನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಅಂಗಿ ಹರಿದುಕೊಂಡು ಬಂದ? ನಾನು ಡ್ಯೂಟಿಯಲ್ಲಿದ್ದೆ, ಅವನ ಮೊಣಕಾಲಿಗೆ ಅರಿಸಿನ ಹಚ್ಚಿದವಳು ನೀನೇ. ನನ್ನ ಕೈಯ ಹಚ್ಚೆ ನೋಡಿ ಯಾರೋ ಹುಡುಗ "ಅಡವಿ ಮನಿಷಿ ಕೊಡುಕು" ಅಂದಿದ್ದ, ಕಾಡಿನವಳ ಮಗ ಅಂತ. ಇವನು ಅವನ ಕೈ ಕಚ್ಚಿ ಬಂದಿದ್ದ. ಹಾಗೆ ಕಚ್ಚಿ ಬಂದ ನನ್ನ ಹುಡುಗನೇ ಈಗ ವೇದಿಕೆ ಮೇಲೆ ನಿಂತಿದ್ದಾನೆ ಅಂದುಕೊಂಡೆ.

ಆಮೇಲೆ ಪರದೆಯ ಮೇಲೆ ಒಂದು ಚಿತ್ರ ಬಂತು. ಒಂದು ಕೈ. ಮಣಿಕಟ್ಟಿನಿಂದ ಮೊಣಕೈವರೆಗೆ ಹಚ್ಚೆ. ಚುಕ್ಕಿ ಸಾಲು, ನಡುವೆ ಒಂದು ಚೇಳು.

ನನ್ನ ಕೈ ನನಗೆ ತಿಳಿಯದೇ? ಸಂಕ್ರಾಂತಿಗೆ ಅವನು ಬಂದಾಗ ನಾನು ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ. ಹೊಸ ಕ್ಯಾಮೆರಾ ತಂದಿದ್ದ. "ಅಮ್ಮಾ, ಕೈ ಚಾಚು" ಅಂದ. ನಾನು ಸೆರಗು ಸರಿಮಾಡಿಕೊಂಡು ನಗುತ್ತಾ ಮುಖ ತೋರಿಸಿದೆ. "ಮುಖ ಬೇಡಮ್ಮ, ಬೆಳಕು ಸರಿ ಇಲ್ಲ" ಅಂದಿದ್ದ.

ಆ ಚೇಳು ಪ್ರಕೃತಿಯ ಭಯವಂತೆ. ವಿಷವನ್ನು ಮೈಮೇಲೆ ಬರೆದುಕೊಂಡು ಒಲಿಸಿಕೊಳ್ಳುವ ಆದಿಮಾನವನ ಪ್ರಾರ್ಥನೆಯಂತೆ. "ಕಾಡಿನ ಒಬ್ಬ ಮುದುಕಿಯ ಕೈ" ಅಂದ. ಹಾಗೆಂದರೆ ನಾನು. ಚಪ್ಪಾಳೆ ಹೊಡೆದರು. ನಾನೂ ಹೊಡೆದೆ, ಉದ್ದ ತೋಳಿನೊಳಗಿಂದ. ಪ್ರಾರ್ಥನೆಯೂ ಇಲ್ಲ, ಭಯವೂ ಇಲ್ಲ ಹೈಮಾ. ಹಚ್ಚೆ ಹುಯ್ಯುವ ಕೊರವಂಜಿ ಬಂದಿದ್ದಳು, ಅಕ್ಕ ಚೇಳು ಹುಯ್ಯಿಸಿಕೊಂಡಳು, ನನಗೂ ಅದೇ ಬೇಕು ಅಂತ ನೆಲಕ್ಕೆ ಬಿದ್ದು ಹೊರಳಾಡಿದೆ. ಅವ್ವ ಮೊರದ ತುಂಬ ರಾಗಿ ಕೊಟ್ಟು ಹುಯ್ಯಿಸಿದಳು. ನಾನು ನೋವಿಗೆ ಕಿರುಚಿದಾಗ, "ಚಿನ್ನ ಬೆಳ್ಳಿಯ ಸತ್ತಾಗ ಬಿಚ್ಕತ್ತಾರ ಕನಾ ಕೂಸೆ, ಹಚ್ಚ ಮಾತ್ರ ನಿನ್ ಜೊತ್ಗೇ ಬತ್ತದ" ಅಂದಿದ್ದಳು. ಇದನ್ನು ಅವನಿಗೆ ಚಿಕ್ಕಂದಿನಲ್ಲಿ ಎಷ್ಟು ಸಲ ಹೇಳಿದ್ದೇನೋ! ಕೇಳಿದ್ದರೆ ಮತ್ತೆ ಹೇಳುತ್ತಿದ್ದೆ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ. ಇವನಿಗೆ ಗಿಡ ಬೇಕು, ಅದು ತನ್ನ ಹಿತ್ತಲಿನದು ಅಂತ ಮಾತ್ರ ಯಾರಿಗೂ ಗೊತ್ತಾಗಬಾರದು.

ಆ ಸಂಜೆ ರಮಾಕಾಂತರು ಮನೆಗೆ ಊಟಕ್ಕೆ ಬಂದರು. ಚಿತ್ರಾ ನನ್ನನ್ನು ಪರಿಚಯ ಮಾಡಿಸಿದಳು, ಅತ್ತೆಯವರು, ಮೈಸೂರಿನವರು, ರಿಟೈರ್ಡ್ ನರ್ಸ್ ಅಂತ. "ಮೈಸೂರಾ ಅಮ್ಮಾ! ಚಾಲಾ ಸಂಸ್ಕಾರಂ ಉನ್ನ ಊರು" ಎಂದು, ಬಹಳ ಸಂಸ್ಕಾರದ ಊರು ಅಂತ, ಅವರು ಕೈಮುಗಿದರು. ಪಾಪ, ಅವರದೇನು ತಪ್ಪು. ನಾನು ಆದರ್ಶನ ಮುಖ ನೋಡಿದೆ. ಅವನು ಫ್ಯಾನಿನ ಸ್ವಿಚ್ ಹುಡುಕುತ್ತಿದ್ದ.

ನನ್ನ ಅತ್ತೆ ಸಾಯುವವರೆಗೂ ನನ್ನ ಕೈಯ ನೀರು ಮುಟ್ಟಲಿಲ್ಲ, ನಿನಗೆ ಗೊತ್ತಿದೆ. "ನೀನು ಕಾಡಿನವಳು, ನನಗೆ ಒಗ್ಗಲ್ಲ" ಅಂತ ಮುಖಕ್ಕೇ ಹೇಳಿದರು. ಆಗ ಎಷ್ಟು ಅತ್ತೆನೋ ಲೆಕ್ಕವಿಲ್ಲ. ಈಗ ಅನ್ನಿಸುತ್ತದೆ, ಆಕೆ ಓದಿರಲಿಲ್ಲ, ಸುಳ್ಳನ್ನೂ ಹೇಳಲಿಲ್ಲ. ಇವನು ಅದೇ ಮಾತನ್ನು ಪುಸ್ತಕ ಓದಿ ಓದಿ, ರವಿಕೆ ಹೊಲಿಸಿ ಹೇಳಿದ. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಅಂತ ನಿಮ್ಮ ರಾಯರು ಯಾರಿಗೋ ಹೇಳುತ್ತಿದ್ದರಲ್ಲ, ನನ್ನ ಮನೆಗೂ ಅದು ಬಂತು.

ಬೆಳಿಗ್ಗೆ ರತ್ನಾಚಲ್ ರೈಲಿಗೆ ಅವನೇ ಹತ್ತಿಸಲು ಬಂದ. ಕಿಟಕಿಯ ಹತ್ತಿರ ನೀರಿನ ಬಾಟಲಿ ಇಟ್ಟು, "ಮನೆ ಕೊಳ್ಳೋಕೆ ಯಾರಾದ್ರೂ ಪಾರ್ಟಿ ಸಿಕ್ಕಿದ್ರಾ ಅಮ್ಮಾ? ಬೇಗ ಬಂದ್ಬಿಡು, ರೂಮ್ ರೆಡಿ ಇದೆ" ಅಂದ. ಅದು ಸುಳ್ಳು ಪ್ರೀತಿಯಲ್ಲ ಹೈಮಾ, ಅದೇ ನನಗೆ ಕಷ್ಟ. ಅವನು ನನ್ನನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಾನೆ. ತೋಳು ಮಾತ್ರ ಉದ್ದ ಇರಬೇಕು.

ಹಾಗಾಗಿ ನಿನ್ನ ಎರಡನೇ ಪ್ರಶ್ನೆಗೆ ಉತ್ತರ, ನಾನು ಹೋಗುವುದಿಲ್ಲ. ಈ ಮನೆ ಮಾರುವುದಿಲ್ಲ. ನನಗೆ ಮಂಡಿನೋವು, ವಿಜಯವಾಡದ ಸೆಕೆ ತಡೆಯಲಾರೆ ಅಂತ ಅವನಿಗೆ ಹೇಳಿದ್ದೇನೆ. ನಂಬಿದ, ಅಥವಾ ನಂಬಿದ ಹಾಗೆ ಮಾಡಿದ. ಇಲ್ಲಿ ಪಕ್ಕದ ಕೋಟೇಶ್ವರಮ್ಮ ಇದ್ದಾಳೆ, ದಿನಕ್ಕೊಮ್ಮೆ ಬಂದು ಜಗಳವಾಡಿ ಹೋಗುತ್ತಾಳೆ. ಆ ರವಿಕೆಯನ್ನು ಅವಳಿಗೇ ಕೊಟ್ಟೆ. ಅವಳ ದಪ್ಪ ಕೈಗೆ ಹಿಡಿಸಲಿಲ್ಲವಂತೆ, ತೋಳು ಕತ್ತರಿಸಿಕೊಂಡು ಹಾಕಿಕೊಂಡಿದ್ದಾಳೆ.

ರಾಯರಿಗೆ ನಮಸ್ಕಾರ. ಮೊಮ್ಮಕ್ಕಳಿಗೆ ಈ ಅಜ್ಜಿಯ ಆಶೀರ್ವಾದ, ಚೆನ್ನಾಗಿ ಓದಲಿ, ಓದಿದ ಮೇಲೂ ನಿನ್ನ ಹತ್ತಿರ ಬಂದು ಕೂರಲಿ. ನೂರು ಕಾಲ ಸುಖವಾಗಿರಿ.

ನಿನ್ನ
ರತ್ನಮ್ಮ

ಮರೆತ ಮಾತು: ಮರೆತದ್ದೇನೂ ಅಲ್ಲ. ಮೇಲೆ ಬರೆಯಲು ಕೈ ಬರಲಿಲ್ಲ. ಆ ಊಟದ ಹೊತ್ತಿನಲ್ಲಿ ರಮಾಕಾಂತರು, ಆ ಹಚ್ಚೆಯ ಕೈಯ ತಾಯಿಯನ್ನು ನಾನು ನೋಡಬೇಕು, ಎಷ್ಟು ದೂರವಾದರೂ ಬರುತ್ತೇನೆ, ಕಾಲಿಗೆ ನಮಸ್ಕಾರ ಮಾಡಬೇಕು ಅಂದರು. ನಾನು ಮಜ್ಜಿಗೆಯ ಚೊಂಬು ಹಿಡಿದು ಅವರ ಪಕ್ಕದಲ್ಲೇ ನಿಂತಿದ್ದೆ. ಈಗ ಹೇಳುತ್ತಾನೆ ಅಂದುಕೊಂಡೆ. ನಿಜವಾಗಿ ಅಂದುಕೊಂಡೆ ಹೈಮಾ, ಎಡಗೈಯಿಂದ ತೋಳಿನ ಗುಂಡಿಯನ್ನೂ ಬಿಚ್ಚಿಕೊಂಡೆ. "ಆವಿಡ ಪೋಯಾರಂಡಿ" ಅಂದ ನನ್ನ ಮಗ. ಆಕೆ ತೀರಿಹೋದರು ಅಂತ. ರಮಾಕಾಂತರು ಊಟ ನಿಲ್ಲಿಸಿ ಕಣ್ಣುಮುಚ್ಚಿದರು. ಆಮೇಲೆ ಅವನು ನನ್ನ ಕಡೆ ನೋಡದೆ ಕನ್ನಡದಲ್ಲಿ, "ಅಮ್ಮಾ, ಅವರಿಗೆ ಇನ್ನೊಂಚೂರು ಮಜ್ಜಿಗೆ ಹಾಕು" ಅಂದ. ಹಾಕಿದೆ. ಸತ್ತವಳ ಕೈಯಲ್ಲೇ ಬಡಿಸಿಕೊಂಡು ಊಟ ಮುಗಿಸಿದರು.