ಸೆರಗಿನ ಕೊಂಡಿ

ಕುಷ್ಟಗಿ, ಭಾನುವಾರ

ಅತ್ತೆ,

ನೀವು ತೀರಿಹೋಗಿ ಮೂರು ವರ್ಷವಾಯಿತು. ನಿಮ್ಮ ಮೊಮ್ಮಗಳು ಸಹನಾ ಆನ್‌ಲೈನಿನಲ್ಲಿ ಅಗ್ಗದ ಮೈಕ್ರೋಸ್ಕೋಪ್ ತರಿಸಿದ್ದಾಳೆ. ಟಾರ್ಚಿನಷ್ಟೇ ಇದೆ, ಏನಕ್ಕೆ ಹಿಡಿದರೂ ಮೊಬೈಲಿನಲ್ಲಿ ದೊಡ್ಡದಾಗಿ ಕಾಣುತ್ತದೆ. ಉಪ್ಪು, ಇರುವೆ, ನನ್ನ ಉಗುರು ಎಲ್ಲ ಮುಗಿದ ಮೇಲೆ ಇವತ್ತು ಹಾಸಿದ್ದ ತುಂಡು ಬಟ್ಟೆಗಳ ಕೌದಿಗೆ ಹಿಡಿದಳು.

"ಯವ್ವಾ, ಇಲ್ಲಿ ನೋಡು, ಎಳಿ ಎಳಿಗೂ ಕೊಂಡಿ ಹಾಕ್ಯಾರ!"

ಅದು ನಾನು ಬಸುರಿಯಾಗಿದ್ದಾಗ ಕುಬುಸದ ಕಾರ್ಯದಲ್ಲಿ ನೀವು ಕೊಟ್ಟ ಇಳಕಲ್ ಸೀರೆಯ ತುಂಡು. ಒಡಲಿನ ಒಂದೊಂದು ನೂಲೂ ಸೆರಗಿನ ಕೆಂಪು ನೂಲಿಗೆ ಸಿಕ್ಕಿಕೊಂಡಿತ್ತು. ಮಗ್ಗದ ಮುಂದೆ ಕೂತು ಕೈಯಿಂದಲೇ ಹಾಕುವ ಕೊಂಡಿ. ಅಲ್ಲಲ್ಲಿ ತಪ್ಪಿ, ಬಿಚ್ಚಿ, ಮತ್ತೆ ಹಾಕಿದ ಗುರುತು.

"ನಾನಽ ನೇಯ್ದೀನವ್ವ" ಅಂದಿದ್ದಿರಿ ಅವತ್ತು ಸೀರೆ ಕೊಡುತ್ತಾ.

"ಕಣ್ಣಿಗೆ ಪೊರಿ ಬಂದೈತಿ, ನೀವೆಲ್ಲಿ ಕೊಂಡಿ ಹಾಕ್ತೀರಿ? ಅಂಗಡ್ಯಾಗಿನ ಮಷೀನ್ ಸೀರಿ ಇದು" ಎಂದು ಬಂದ ಹೆಂಗಸರೆಲ್ಲರ ಎದುರು ನಕ್ಕಿದ್ದೆ. ಒಂದು ದಿನವೂ ಉಡದೆ, ನೀವು ನೋಡುತ್ತಿರುವಾಗಲೇ ಅದನ್ನು ಕೌದಿಗೆಂದು ಕತ್ತರಿಸಿದೆ. ಕತ್ತರಿ ಹಾಕುವಾಗಲಾದರೂ ಸೆರಗು ತಿರುವಿ ನೋಡಿದ್ದರೆ ಸಾಕಿತ್ತು.

"ಯಾರು ನೇಯ್ದಿದ್ದು ಬೇ ಇದು?" ಎಂದು ಸಹನಾ ಕೇಳಿದಳು.

"ಯಾರಿಗೊತ್ತು, ಅಂಗಡಿ ಸೀರಿ" ಎಂದೆ ಅತ್ತೆ. ಇವತ್ತೂ.