ಚೀಲದಲ್ಲಿ ಹೆಚ್ಚಾದ ಕಾಳು

ದೇಗಾಂವ
ಶುಕ್ರವಾರ, 12 ಸೆಪ್ಟೆಂಬರ್ 2025

ಚಿ. ಸೌ. ಸುಚೇತಾಳಿಗೆ ನಿನ್ನ ಅಮ್ಮನ ಆಶೀರ್ವಾದಗಳು.

ಕ್ಷೇಮಸಮಾಚಾರವೆಲ್ಲ ಆಮೇಲೆ. ಮೊದಲು ಸುದ್ದಿ ಹೇಳಿಬಿಡುತ್ತೇನೆ, ಇಲ್ಲವಾದರೆ ನನ್ನ ಹೊಟ್ಟೆ ಒಡೆದುಹೋಗುತ್ತದೆ. ನಿನ್ನ ಮಗ ಓಡುತ್ತಿದ್ದಾನೆ. ಹೌದು, ಸಂಕೇತನೇ. ಬಸ್ಸು ತಪ್ಪೀತೆಂದು ಅಲ್ಲ, ನಾಯಿ ಬೆನ್ನು ಹತ್ತಿತೆಂದೂ ಅಲ್ಲ. ಬೆಳಿಗ್ಗೆ ತಾನಾಗಿ ಎದ್ದು, ಅಂಗಿ ತೊಯ್ಯುವಷ್ಟು ಬೆವೆತು, ನಗುತ್ತ ಓಡುತ್ತಿದ್ದಾನೆ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು.

ಫೋನಿನಲ್ಲಿ ಯಾಕೆ ಹೇಳಲಿಲ್ಲ ಎನ್ನುತ್ತೀ. ಸ್ಪೀಕರ್ ಹಾಕದೆ ನನಗೆ ಕೇಳಿಸುವುದಿಲ್ಲ. ಹಾಕಿದರೆ ನೀನು ರಾಮದುರ್ಗದಲ್ಲಿ ಕುಳಿತು ಆಡಿದ ಮಾತು ನಮ್ಮ ಪಡಸಾಲೆಯಿಂದ ಹಿತ್ತಲಿನವರೆಗೆ ಕೇಳುತ್ತದೆ. ಇದು ಅವನ ಕಿವಿಗೆ ಬೀಳಬಾರದ ಮಾತು. ಅದಕ್ಕೇ ಕಾಗದ. ಇನ್ನೊಂದು, ನವರಾತ್ರಿ ಸೂಟಿಗೆ ನೀನೂ ಅಳಿಯ ಮಿಲಿಂದನೂ ಬಂದು ಅವನನ್ನು ಆ ವಸತಿ ಶಾಲೆಗೆ ಕರೆದೊಯ್ಯುವುದೆಂದು ಗೊತ್ತು ಮಾಡಿದ್ದೀರಿ. ಬೆಳಿಗ್ಗೆ ಐದಕ್ಕೆ ಸೀಟಿ ಊದಿ ಎಬ್ಬಿಸುತ್ತಾರೆ, ಡ್ರಿಲ್ ಮಾಡಿಸುತ್ತಾರೆ, ಮೂರು ತಿಂಗಳಲ್ಲಿ ಮೈ ಇಳಿಸಿ ಕಳಿಸುತ್ತಾರೆ ಎಂದು ಮಿಲಿಂದ ಹೇಳಿದನಲ್ಲ, ಅದೇ. ಈ ಕಾಗದ ಪೂರ್ತಿ ಓದುವವರೆಗೆ ಅಲ್ಲಿಗೆ ಹೂಂ ಅನ್ನಬೇಡಿ. ಇಷ್ಟು ನನ್ನ ಮಾತು ನಡೆಸು.

ಜೂನ್‌ನಲ್ಲಿ ನೀವು ಅವನನ್ನು ಇಲ್ಲಿ ತಂದು ಬಿಟ್ಟಾಗ ಅವನ ಮುಖ ಹೇಗಿತ್ತು ನೆನಪಿಸಿಕೋ. ಅಲ್ಲಿಯ ಹುಡುಗರು ಆಟದ ತಾಸಿನಲ್ಲಿ ಅವನು ಓಡುವುದನ್ನು ಫೋನಿನಲ್ಲಿ ಹಿಡಿದು, ಅದಕ್ಕೊಂದು ಹಾಡು ಜೋಡಿಸಿ, ಊರಿಗೆಲ್ಲ ಹಂಚಿದ್ದರು. ಅಂದಿನಿಂದ ಓಡುವುದಿರಲಿ, ಚುರುಕಾಗಿ ನಡೆಯುವುದನ್ನೂ ಬಿಟ್ಟಿದ್ದ. ಹದಿನೈದರ ಹುಡುಗ ಮುದುಕರ ಹಾಗೆ ಗೋಡೆ ಹಿಡಿದು ಓಡಾಡುತ್ತಿದ್ದ. ಕಿತ್ತೂರಿನ ಶಾಲೆಗೆ ಹೋಗುವುದು, ಬಂದು ಮಲಗುವುದು, ಅಷ್ಟೇ. ನೀನು ದಿನಾ ಫೋನು ಮಾಡಿದರೆ ಮೊದಲನೆಯ ಮಾತು ವಾಕಿಂಗ್ ಆತೇನು, ಎರಡನೆಯದು ತೂಕ ನೋಡ್ಕೊಂಡ್ಯೇನು. ಸಾಲಹಳ್ಳಿಯ ನಿನ್ನ ಶಾಲೆಯಲ್ಲಿ ಮಕ್ಕಳಿಗೆ ಪಾಠ ಒಪ್ಪಿಸಲು ಹೇಳಿದ ಹಾಗೆ ಕೇಳುತ್ತಿದ್ದೆ. ಮಿಲಿಂದನೋ, ಬೆಳಗಾದರೆ ಹೊಟ್ಟೆ ಕರಗಿಸುವ ವಿಡಿಯೋ ಕಳಿಸುತ್ತಿದ್ದ. ಉಂಡ್ಯೇನಪ್ಪಾ ಎಂದು ಕೇಳಲು ಇಬ್ಬರಿಗೂ ಮರೆತಿತ್ತು. ಬೈಯುತ್ತಿಲ್ಲ ಸುಚೇತಾ, ನಿನ್ನ ಕಾಳಜಿ ನನಗೆ ತಿಳಿಯದೇ? ಆದರೆ ಕಾಳಜಿಯ ಮಾತು ಕೇಳಿದಷ್ಟೂ ಹುಡುಗ ಹಾಸಿಗೆಗೆ ಅಂಟಿಕೊಳ್ಳುತ್ತಿದ್ದ.

ಈಗ ನನ್ನ ಕಿತಾಪತಿ ಕೇಳು. ಚಾತುರ್ಮಾಸಕ್ಕೆ ನಮ್ಮೂರ ಗುಡಿಯ ಕಮಲನಾರಾಯಣನಿಗೆ ಪ್ರದಕ್ಷಿಣೆಯ ಸಂಕಲ್ಪ ಮಾಡಿದ್ದು ನಿನಗೆ ಗೊತ್ತಲ್ಲ. ಒಂದು ಸುತ್ತಿಗೆ ಒಂದು ಗೋವಿನಜೋಳದ ಕಾಳು; ಮನೆಗೆ ಬಂದು ದೇವರ ಮನೆಯ ಬಟ್ಟೆಯ ಚೀಲಕ್ಕೆ ಸುರಿಯುವುದು, ಚೀಲ ತುಂಬಿದರೆ ಹರಕೆ ಮುಗಿದಂತೆ. ಶುರು ಮಾಡಿ ನಾಲ್ಕು ದಿನವಾಗಿರಬೇಕು, ಒಂದು ಬೆಳಿಗ್ಗೆ ಅಯ್ಯೋ ಮೊಣಕಾಲು ಎಂದು ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಮೊಣಕಾಲಿಗೆ ಏನೂ ಆಗಿರಲಿಲ್ಲ. ದೇವರ ಸಂಕಲ್ಪ ಅರ್ಧಕ್ಕೆ ನಿಲ್ಲಬಾರದು, ನನ್ನ ಪರವಾಗಿ ನೀನು ಸುತ್ತು ಎಂದು ಸಂಕೇತನಿಗೆ ಗಂಟು ಬಿದ್ದೆ. ಅವನು ನನ್ನ ಮೊಣಕಾಲು ನೋಡಿ, "ಇದು ಎಕ್ಸರ್‌ಸೈಜ್ ಅಲ್ಲ, ಹೌದಲ್ಲಜ್ಜಿ?" ಎಂದ. "ಅಲ್ಲಪ್ಪಾ, ಇದು ದೇವರ ಕೆಲಸ" ಎಂದೆ. ಕಾಳು ಕಿಸೆಗೆ ಹಾಕಿಕೊಂಡು ಹೋದ. ಸಂಜೆ ಬಂದು ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದ. ತಿಕ್ಕಿಸಿಕೊಂಡೆ. ಸುಖವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಮೊದಮೊದಲು ಒಂದು ಹಿಡಿ ಕಾಳು ತರಲು ಶಾಲೆಯ ಹೊತ್ತಾಗುತ್ತಿತ್ತು. ಆಮೇಲೆ ಚೀಲ ಬೇಗ ಬೇಗ ಉಬ್ಬತೊಡಗಿತು. ನಾನು ಹಿಗ್ಗಿದೆ. ನಿಮ್ಮಪ್ಪನಿಗೆ ಮಾತ್ರ ಸಂಶಯ. ದೇವರ ಮನೆಯಲ್ಲಿ ಚೀಲವನ್ನು ಕೈಯಲ್ಲಿ ತೂಗಿ ನೋಡಿ ಹುಬ್ಬು ಗಂಟು ಹಾಕುವುದು, ಮತ್ತೆ ಇಡುವುದು. ಇಷ್ಟು ಪ್ರದಕ್ಷಿಣೆ ಇಷ್ಟು ದಿನದಲ್ಲಿ ಆಗುವುದು ಸಾಧ್ಯವೇ ಇಲ್ಲವೆಂದು ಅವರ ಲೆಕ್ಕ. ಕೊನೆಗೆ ಹೋದ ತಿಂಗಳು ಒಂದು ದಿನ ಹುಡುಗ ಊಟಕ್ಕೆ ಕುಳಿತಾಗಲೇ ಕೇಳಿಬಿಟ್ಟರು. "ಗುಡಿಯೊಳಗ ಕುಂತು ಮೊಬೈಲ್ ನೋಡಿ, ಕಾಳು ಮಾತ್ರ ಚೀಲಕ್ಕ ಸುರೀತೀಯಲ್ಲಾ, ದೇವರ ಮುಂದನೂ ಮೋಸ ಏನು?" ಎಂದರು. ಸಂಕೇತ ತಟ್ಟೆಯ ಮುಂದಿನಿಂದ ಎದ್ದು ಹೋಗಿ ಗೋಡೆಗೆ ಮುಖ ಮಾಡಿ ಮಲಗಿದ. ಮರುದಿನ ಗುಡಿಗೆ ಹೋಗಲಿಲ್ಲ, ಅದರ ಮರುದಿನವೂ ಹೋಗಲಿಲ್ಲ. ನನಗೆ ನಿಮ್ಮಪ್ಪನ ಮೇಲೆ ಎಂಥ ಸಿಟ್ಟು ಬಂದಿತೆಂದರೆ ಸಾರಿಗೆ ಉಪ್ಪು ಹಾಕದೆ ಬಡಿಸಿದೆ. ಅವರೂ ಸುಮ್ಮನೆ ಉಂಡರು.

ಆ ಎರಡನೆಯ ಬೆಳಿಗ್ಗೆ ನಮ್ಮ ಕಟ್ಟೆಯ ಮೇಲೆ ಒಬ್ಬ ಹುಡುಗ ಬಂದು ಕುಳಿತಿದ್ದ. ಯುವರಾಜ, ಮೋಟಾರು ರಿಪೇರಿ ಮಾಡುವ ಭರಮಪ್ಪನ ಮಗ. ಸಂಕೇತನ ತರಗತಿಯವನೇ, ಖೋಖೋ ಆಡುತ್ತಾನೆ, ಕಾಲು ನೋಡಿದರೆ ಗೊತ್ತಾಗುತ್ತದೆ. ಯಾಕಪ್ಪಾ ಎಂದು ಕೇಳಿದೆ. "ಸಂಕ್ಯಾ ಗುಡಿ ಕಡೆ ಬಂದಿಲ್ರಿ ಬಾಯಾರ. ನಾ ನಿಂತ ನಿಂತ ಸಾಕಾಗಿ ಇಲ್ಲೇ ಬಂದೆ" ಎಂದ. ನನಗೆ ಆಶ್ಚರ್ಯ. ಅವರದು ಬುದ್ಧನಿಗೆ ನಡೆದುಕೊಳ್ಳುವ ಮನೆ, ಗುಡಿಗೆ ಹೋಗುವ ರೂಢಿಯೇ ಇಲ್ಲ. ಕೇಳಿದ್ದಕ್ಕೆ ಎಲ್ಲ ಹೇಳಿದ. ಇವನು ಒಬ್ಬನೇ ಒಳಗೆ ಸುತ್ತುವುದನ್ನು ದಾರಿಯಿಂದ ನೋಡಿ, "ನಾ ಒಳಗ ಬರಂಗಿಲ್ಲ, ನೀನ ಹೊರಗ ಬಾ, ಆವಾರದ ಹೊರಗಿಂದ ಸುತ್ತೂಣು" ಎಂದನಂತೆ. ಆಗ ನೆನಪಾಯಿತು, ಹೊರಗಿನಿಂದ ಸುತ್ತಿದರೆ ನಡೆಯುತ್ತದೆಯೇ ಎಂದು ಸಂಕೇತ ನಿಮ್ಮಪ್ಪನನ್ನು ಕೇಳಿದ್ದ. "ದೇವರು ನಡುವ ಇದ್ದಾನಿಲ್ಲೋ, ಹಂಗಿದ್ರ ಆತು" ಎಂದು ಅವರು ಪೇಪರಿನಿಂದ ತಲೆ ಎತ್ತದೆ ಹೇಳಿದ್ದರು.

ಹೀಗೆ ಜೋಡಿಯಾಯಿತು ನೋಡು. ಯುವರಾಜ ಒಂದು ದಿನವೂ ಓಡು ಎನ್ನಲಿಲ್ಲವಂತೆ. ಏನೋ ಮಜಾ ಸುದ್ದಿ ಶುರು ಮಾಡಿ ಮಾತಾಡುತ್ತ ಒಂದು ಹೆಜ್ಜೆ ಮುಂದೆ ಹೋಗುತ್ತಿದ್ದ. ಮಾತಿನ ಕೊನೆ ಕೇಳಬೇಕಾದರೆ ಇವನೂ ಕಾಲು ಕೀಳಬೇಕು. ನಡಿಗೆ ಜೋರಾಯಿತು, ಜೋರು ನಡಿಗೆ ಓಟವಾಯಿತು. ಇಬ್ಬರಿಗೂ ಯಾವತ್ತು ಎಂದು ನೆನಪಿಲ್ಲ. ನೀನು, ಮಿಲಿಂದ, ಡಾಕ್ಟರು, ಎಲ್ಲರೂ ಕೂಡಿ ಮಾಡದ್ದನ್ನು ಆ ಹುಡುಗ ಹರಟೆ ಹೊಡೆದು ಮಾಡಿದ್ದ.

"ಮತ್ತ ಕಾಳು ಯಾಕಪ್ಪಾ ಅಷ್ಟು ಹೆಚ್ಚಾದ್ವು?" ಎಂದೆ. ಅವನು ತಲೆ ಕೆರೆದುಕೊಂಡು, "ನಾನೂ ಸುತ್ತೀನಲ್ರೀ ಬಾಯಾರ. ನನ್ನ ಸುತ್ತಿನ ಕಾಳೂ ಅವನ ಕಿಸೇದಾಗ ಹಾಕೀನ್ರಿ. ನಮ್ಮನ್ಯಾಗ ದೇವ್ರು ಗೀವ್ರು ಇಲ್ಲ ಖರೆ, ಆದ್ರ ನಿಮ್ಮ ಮೊಣಕಾಲ ಲಗೂ ಆರಾಮ ಆಗ್ಲಿ ಅಂತ" ಎಂದ.

ಸುಚೇತಾ, ನನಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ನಂಬಿಕೆಯೇ ಇಲ್ಲದ ದೇವರಿಗೆ, ನೋವೇ ಇಲ್ಲದ ನನ್ನ ಕಾಲಿಗಾಗಿ, ಆ ಮಗು ದಿನಾ ಓಡಿದೆ. ನಾನು ಮೊಣಕಾಲು ಮರೆತು ದಡದಡ ಮೆಟ್ಟಿಲು ಇಳಿದು ಅವನ ಕೈ ಹಿಡಿದುಕೊಂಡೆ. ನನ್ನ ಕಾಲು ಗಟ್ಟಿಯಾಗಿದೆ, ಸುಳ್ಳು ಹೇಳಿದ್ದೆ ಎಂದು ಅಲ್ಲೇ ಒಪ್ಪಿಕೊಂಡೆ. ಹಿಂದೆ ಬಾಗಿಲಲ್ಲಿ ಸಂಕೇತ ನಿಂತಿದ್ದ. "ನನಗ ಗೊತ್ತಿತ್ತಜ್ಜಿ. ಎಣ್ಣಿ ಹಚ್ಚಲಿಕ್ಕೆ ಒಂದ ದಿನ ಎಡಗಾಲ ಚಾಚ್ತಿದ್ದಿ, ಒಂದ ದಿನ ಬಲಗಾಲ" ಎಂದ. ಗೊತ್ತಿದ್ದರೂ ಯಾಕೆ ಹೋಗುತ್ತಿದ್ದೆ ಎಂದು ಕೇಳಿದೆ. "ಯುವಾ ಅಲ್ಲಿ ನಿಂತಿರ್ತಾನಲ್ಲ" ಎಂದ. ಅಷ್ಟೇ. ಬೇರೆ ಕಾರಣವೇ ಇಲ್ಲ.

ನಿಮ್ಮಪ್ಪ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದರು. ಅವರು ತಪ್ಪಾಯಿತು ಎಂದದ್ದನ್ನು ನಮ್ಮ ಮದುವೆಯಾದಾಗಿನಿಂದ ನಾನು ಕೇಳಿಲ್ಲ, ಅವತ್ತೂ ಕೇಳಲಿಲ್ಲ. ಹೆಗಲಿಗೆ ಶಲ್ಯ ಹಾಕಿಕೊಂಡು ಹೊರಗೆ ಬಂದು ಯುವರಾಜನಿಗೆ, "ಹುಡುಗಾ, ನಿನ್ನ ಕಾಳೂ ಲೆಕ್ಕಕ್ಕ ಹಿಡದೀನಿ" ಎಂದರು. ಮೊಮ್ಮಗನ ಬೆನ್ನ ಮೇಲೆ ಕೈ ಇಟ್ಟು, "ನಡೀರಿ, ನಾನೂ ಒಂದ ಸುತ್ತ ಬರ್ತೀನಿ" ಎಂದರು. ಇಬ್ಬರೂ ಹುಡುಗರನ್ನು ಪಡಸಾಲೆಯಲ್ಲಿ ಕೂರಿಸಿ, ನಾನು ಹಚ್ಚಿದ ಅವಲಕ್ಕಿ ತಿನ್ನಿಸಿ ಕಳಿಸಿದೆ. ಅಂದಿನಿಂದ ಮುದುಕ ಮುದುಕಿ ನಾವಿಬ್ಬರೂ ಒಳಗೆ ನಿಧಾನ ಸುತ್ತುತ್ತೇವೆ, ಅವರು ಹೊರಗೆ ಓಡುತ್ತಾರೆ. ಎದುರಾದಾಗಲೆಲ್ಲ ಯುವರಾಜ "ಜೋರ ನಡೀರಿ ಅಜ್ಜಾರ" ಎಂದು ನಿಮ್ಮಪ್ಪನನ್ನೇ ಚುಡಾಯಿಸುತ್ತಾನೆ. ಇವರು ನಿಜಕ್ಕೂ ಹೆಜ್ಜೆ ಜೋರು ಮಾಡುತ್ತಾರೆ.

ಇನ್ನು ನಿನ್ನೆಯದು. ಅದಕ್ಕಾಗಿಯೇ ಈ ಕಾಗದ. ಗುಡಿ ನೋಡಲು ಎಲ್ಲಿಂದಲೋ ಬೈಕಿನ ಮೇಲೆ ನಾಲ್ಕು ಹುಡುಗರು ಬಂದಿದ್ದರು. ನಮ್ಮವರು ಓಡುವುದನ್ನು ನೋಡಿ ಒಬ್ಬ ಕಿಸೆಯಿಂದ ಫೋನು ತೆಗೆದು ಸಂಕೇತನತ್ತ ಹಿಡಿದ. ಮುಗಿಯಿತು, ಇನ್ನು ಈ ಹುಡುಗ ಮನೆಯಿಂದ ಹೊರಗೆ ಕಾಲಿಡುವುದಿಲ್ಲ ಎಂದುಕೊಂಡೆ. ಯುವರಾಜ ಓಟ ನಿಲ್ಲಿಸಿ ನಡುವೆ ಅಡ್ಡ ಬರಲು ಹೋದ. ಸಂಕೇತ ಅವನ ತೋಳು ಎಳೆದು, "ಬಿಡೋ, ತಗೀಲಿ. ಬಾ" ಎಂದ. ಫೋನಿನ ಮುಂದೆಯೇ ಓಡಿಹೋದ, ಹೋಗುವಾಗ ಕೈ ಬೇರೆ ಎತ್ತಿ ತೋರಿಸಿದ. ನಾನು ಚಪ್ಪಾಳೆ ಹೊಡೆಯಲು ಹೋದರೆ ನಿಮ್ಮಪ್ಪ ನನ್ನ ಎರಡೂ ಕೈ ಹಿಡಿದುಕೊಂಡರು. ಹೊಗಳಬೇಡ, ನಿಂತಾನು ಎಂದು ಸನ್ನೆ ಮಾಡಿದರು. ಅವರ ಕಣ್ಣಲ್ಲೂ ನೀರಿತ್ತು.

ಈಗ ಹೇಳು, ಇವನನ್ನು ಸೀಟಿ ಊದುವವರ ಕೈಗೆ ಯಾಕೆ ಕೊಡುತ್ತೀರಿ? ಅಲ್ಲಿ ಡ್ರಿಲ್ ಇದೆ, ಯುವರಾಜ ಇಲ್ಲ. ಆ ಶಾಲೆ ಬೇಡ ಎಂದು ಮಿಲಿಂದನಿಗೆ ಹೇಳು, ನಿನ್ನ ಮಾತಾದರೆ ಕೇಳುತ್ತಾನೆ. ಮತ್ತೆ ಒಂದು ಗುಟ್ಟು. ನಿನಗೆ ತಿಳಿಸುತ್ತೇನೆ ಎಂದಾಗ ಸಂಕೇತ ನನ್ನ ಬಾಯಿ ಮುಚ್ಚಿದ್ದ. "ಅಮ್ಮಗ ಹೇಳಬ್ಯಾಡಜ್ಜಿ. ಆಕಿಗೆ ಗೊತ್ತಾದ್ರ ಇದು ನಂದು ಉಳಿಯೂದಿಲ್ಲ" ಎಂದಿದ್ದ. ನೊಂದುಕೊಳ್ಳಬೇಡ, ಆ ವಯಸ್ಸೇ ಹಾಗೆ. ಸೂಟಿಗೆ ಬಂದಾಗ ಏನೂ ಗೊತ್ತಿಲ್ಲದವಳ ಹಾಗಿರು. ತೂಕದ ಮಾತು ಎತ್ತಬೇಡ, ಭೇಷ್ ಎಂದೂ ಅನ್ನಬೇಡ. ಉಂಡ್ಯೇನಪ್ಪಾ ಎಂದು ಮಾತ್ರ ಕೇಳು.

ನಾವು ಕ್ಷೇಮ. ಮಳೆ ಚೆನ್ನಾಗಿದೆ, ಹಿತ್ತಲಲ್ಲಿ ಹೀರೆಕಾಯಿ ಬಿಟ್ಟಿದೆ.

ಇಂತು ಖುಷಿಯಲ್ಲಿ ಮುಳುಗಿರುವ
ನಿನ್ನ ಅಮ್ಮ
ಯಮುನಾಬಾಯಿ

ತಾ.ಕ.: ಈ ಕಾಗದವನ್ನು ಸಂಕೇತನೇ ಶಾಲೆಗೆ ಹೋಗುವಾಗ ಕಿತ್ತೂರಿನ ಅಂಚೆ ಡಬ್ಬಿಗೆ ಹಾಕುತ್ತಾನೆ. ಪಾಕೀಟನ್ನು ನನ್ನ ಕೈಯಾರೆ ಅಂಟಿಸಿದ್ದೇನೆ, ಹೆದರಬೇಡ.

ಮತ್ತೊಂದು ತಾ.ಕ.: ಅಮ್ಮಾ, ನಾನು ಸಂಕೇತ. ಅಜ್ಜಿ ಅನ್ನದ ಅಗುಳಿನಿಂದ ಅಂಟಿಸ್ಯಾಳ, ಬಸ್‌ನ್ಯಾಗ ತಾನ ಬಿಚ್ಚಿತು. ಓದಿದೆ. ಗೊತ್ತಿಲ್ಲ ಅನ್ನೋ ನಾಟಕ ಮಾಡಬ್ಯಾಡ, ನಿನಗದು ಬರೂದಿಲ್ಲ. ಅಜ್ಜಿಗೆ ಕಿವಿ ಮಂದ, ಅದಕ್ಕ ಆಕಿ ಒಂದು ಸಂಗತಿ ಬರದಿಲ್ಲ. ನೀ ಸಾಲಿ ಮೆಟ್ಲ ಏರಿ ಬಂದು ಫೋನ್ ಮಾಡಿದಾಗ ನಿನಗ ಎಷ್ಟು ದಮ್ಮು ಹತ್ತಿರ್ತದ ಅಂದ್ರ, ಎರಡು ಮಾತಿಗೊಮ್ಮೆ ನಿಂದರ್ತಿ. ನನಗ ಕೇಳಸ್ತದ. ನೀ ನನ್ನ ತೂಕ ಕೇಳ್ತಿರ್ತಿ, ನನಗ ನಿಂದ ಅಂಜಿಕಿ ಆಗ್ತಿರ್ತದ. ಸೂಟ್ಯಾಗ ಬರುಮುಂದ ಬೂಟ ತಗೊಂಡ ಬಾ. ನನಗಲ್ಲ, ನಿನ್ನ ಕಾಲಿನ ಅಳತೀದು. ನಾನು, ಯುವಾ ಸಾವಕಾಶ ನಡೀತೀವಿ.