ಬೇಡವೆಂದ ಊರಿನಿಂದ

ಸಾರೆಕೋಲಿ, ಗಿನಿ
೧೮ ಜನವರಿ ೧೯೫೯

ಯೆರೊ ಅವರಿಗೆ ಹೆಂಡತಿ ಕುಂಬಾಳ ಸಲಾಮು.

ಮನೆಯಲ್ಲಿ ಎಲ್ಲರೂ ಕ್ಷೇಮ. ಅಲ್ಜೀರಿಯಾದ ಯುದ್ಧದಲ್ಲಿ ಚಳಿಯೂ ನಿಮ್ಮನ್ನು ಕಾಡದಿರಲಿ. ಉತ್ತರ ತಡವಾಯಿತು, ಮುನಿಯಬೇಡಿ. ಸೆಪ್ಟೆಂಬರಿನಲ್ಲಿ ನಾವು ಫ್ರೆಂಚರ ಆಳ್ವಿಕೆ ಬೇಡವೆಂದು ವೋಟು ಹಾಕಿದ ಮೇಲೆ ಅವರು ಗಂಟುಮೂಟೆ ಕಟ್ಟಿದರು. ಅಂಚೆಮನೆಯ ದೊರೆ ಟೆಲಿಫೋನನ್ನು ಗೋಡೆಯಿಂದ ಕಿತ್ತುಕೊಂಡು ಹೋದ, ಬಲ್ಬುಗಳನ್ನೂ ಬಿಡಲಿಲ್ಲ. ಕಾಗದ ಹೋಗಿಬರುವುದು ಈಗಷ್ಟೇ ಶುರುವಾಗಿದೆ.

ಹೋಗುವಾಗ ಆಸ್ಪತ್ರೆಯ ಹಾಸುಬಟ್ಟೆಗಳನ್ನೆಲ್ಲ ಅಂಗಳದಲ್ಲಿ ರಾಶಿ ಹಾಕಿ ಸುಟ್ಟರು. ಬಾಣಂತಿಯರು ಬರೀ ಕಬ್ಬಿಣದ ಮಂಚದ ಮೇಲೆ ಮಲಗಿದ್ದರು. ಸುದ್ದಿ ಕೇಳಿ ಅತ್ತೆ ಸುಮ್ಮನೆ ಕೂರಲಿಲ್ಲ. ಸಂತೆಗೆಂದು ನಾವು ನೀಲಿಯಲ್ಲಿ ಅದ್ದಿ ಒಣಗಿಸಿದ್ದ ಬಟ್ಟೆಯನ್ನೆಲ್ಲ ತಲೆಯ ಮೇಲೆ ಹೊತ್ತು ನಡೆದೇಬಿಟ್ಟರು. ಕೇರಿಯ ಹೆಂಗಸರೆಲ್ಲ ತಂತಮ್ಮ ಗಂಟು ಹೊತ್ತು ಹಿಂದೆ ಹೊರಟೆವು. ಬಣ್ಣ ಇನ್ನೂ ಬಿಡುತ್ತಿದೆ. ಹುಟ್ಟಿದ ಕೂಸುಗಳ ಬೆನ್ನೆಲ್ಲ ನೀಲಿ. ದಾದಿ ಗೊಣಗಿದ್ದಕ್ಕೆ ಅತ್ತೆ, "ಇರ್ಲಿ ಬಿಡೇ, ಅವರ ಕಾಲದಲ್ಲಿ ಹುಟ್ಟಿದವಲ್ಲ ಅಂತ ಗುರುತು ಸಿಗುತ್ತೆ" ಎಂದರು.

ನಿಮ್ಮ ಕಾಗದ ಓದಿದೆ. ಗಿನಿಯ ಸೈನಿಕರು ಊರಿಗೆ ಮರಳಬಹುದು, ಇಲ್ಲವೇ ಫ್ರೆಂಚರ ಪಡೆಯಲ್ಲೇ ಉಳಿಯಬಹುದು ಎಂದರಂತೆ. ನೀವು ಉಳಿಯುತ್ತೇನೆಂದು ಸಹಿ ಹಾಕಿದಿರಂತೆ. ಸಂಬಳ ಉಂಟು, ಮುಂದೆ ಫ್ರಾನ್ಸಿನ ಮಾರ್ಸೇಯಲ್ಲಿ ಮನೆ ಉಂಟು, ಹೊರಟು ಬಾ ಎಂದಿದ್ದೀರಿ.

ನಾನು ಬರುವುದಿಲ್ಲ. ಸಿಟ್ಟಿನಿಂದ ಹೇಳುತ್ತಿಲ್ಲ. ಇಲ್ಲಿ ಎಲ್ಲವನ್ನೂ ಮೊದಲಿಂದ ಮಾಡಬೇಕಾಗಿದೆ, ಮಾಡುವವರಲ್ಲಿ ನಾನೂ ಒಬ್ಬಳು. ನೀವು ಬಂದರೆ ನಿಮ್ಮ ಚಾಪೆ ಇದ್ದಲ್ಲೇ ಇದೆ. ಬಾರದಿದ್ದರೂ ಬೆಳಿಗ್ಗೆ ಎದ್ದು ನಾನು ಬಣ್ಣದ ಹರವಿಗೆ ಕೈ ಹಾಕುವವಳೇ.

ದೇವರು ನಿಮ್ಮನ್ನು ಗುಂಡಿನಿಂದ ಕಾಯಲಿ. ನಿಮ್ಮ ಗುಂಡಿನಿಂದ ಅಲ್ಲಿಯವರನ್ನೂ ಕಾಯಲಿ.

ನಿಮ್ಮ
ಕುಂಬಾ

ತಾ.ಕ.: ನಮ್ಮೂರ ವೋಟಿನ ಡಬ್ಬಿಯಲ್ಲಿ ಫ್ರೆಂಚರು ಇರಲಿ ಎನ್ನುವ ಬಿಳಿ ಚೀಟಿ ಒಂದೇ ಒಂದು ಸಿಕ್ಕಿತ್ತು. ಅದು ಯಾರದೆಂದು ಊರು ಇವತ್ತಿಗೂ ಹುಡುಕುತ್ತಿದೆ. ಅದು ಅತ್ತೆಯದು. ನಿನ್ನೆ ಬಟ್ಟೆ ಹಿಂಡುವಾಗ ನನ್ನೊಬ್ಬಳಿಗೇ ಹೇಳಿದರು: "ಬೇಡ ಅಂದ್ರೆ ನನ್ನ ಮಗನ್ನ ವಾಪಸ್ ಕಳಿಸಲ್ಲ ಅನ್ನಿಸ್ತು ಕಣೇ. ನೋಡು, ಹಿಡಿದಿಟ್ಕೊಂಡೇಬಿಟ್ರು."

ನಿಮ್ಮನ್ನು ಯಾರೂ ಹಿಡಿದಿಟ್ಟಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಅದನ್ನು ಅವರಿಗೆ ನೀವೇ ಬರೆಯಿರಿ. ಒಂದಕ್ಷರವೂ ಬಿಡದೆ ಓದಿ ಹೇಳುತ್ತೇನೆ.